ಮುಂದುವರಿದ ಗರ್ಭಕಂಠದ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ಸ್ಥಾನ

ಗರ್ಭಕಂಠದ ಕ್ಯಾನ್ಸರ್ ಗರ್ಭಕೋಶದ ಬಾಯಿಯಲ್ಲಿ ಹುಟ್ಟುವ ಕಾಯಿಲೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಕೆಲವು ತಳಿಗಳ ಸೋಂಕು ವರ್ಷಗಟ್ಟಲೆ ಹೋಗದೆ ಉಳಿದಾಗ, ಬಹುಮಟ್ಟಿಗೆ 10–15 ವರ್ಷಗಳ ಅವಧಿಯಲ್ಲಿ, ಇದು ರೂಪುಗೊಳ್ಳುತ್ತದೆ. ಗಡ್ಡೆ 4 ಸೆಂಟಿಮೀಟರ್ ಮೀರಿದರೆ, ಅಥವಾ ಗರ್ಭಕಂಠವನ್ನು ದಾಟಿ ಅಕ್ಕಪಕ್ಕದ ಅಂಗಾಂಶ, ಯೋನಿಯ ಕೆಳಭಾಗ, ದುಗ್ಧಗ್ರಂಥಿ, ಮೂತ್ರಕೋಶ, ಮಲಾಶಯಗಳಿಗೆ ಹಬ್ಬಿದರೆ ವೈದ್ಯರು ಅದನ್ನು ಮುಂದುವರಿದ ಕ್ಯಾನ್ಸರ್ ಎನ್ನುತ್ತಾರೆ. ಈ ಹಂತದಲ್ಲಿ ಗುಣಪಡಿಸುವ ಮುಖ್ಯ ಚಿಕಿತ್ಸೆ ವಿಕಿರಣ, ಅದರ ಜೊತೆಗೆ ಕಿಮೋಥೆರಪಿ. ಶಸ್ತ್ರಚಿಕಿತ್ಸೆಗೆ ಇಲ್ಲಿ ಸಿಗುವ ಜಾಗ ಕಿರಿದು. ಆದರೆ ಆ ಕಿರಿದಾದ ಜಾಗದಲ್ಲಿ ಅದು ಮಾಡುವ ಕೆಲಸವನ್ನು ಬೇರಾವ ಚಿಕಿತ್ಸೆಯೂ ಮಾಡಲಾರದು. ತಪ್ಪಾದ ಜಾಗದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಾದರೋ ಗುಣವಾಗಬಹುದಾಗಿದ್ದ ಹೆಂಗಸಿನ ದಾರಿಯನ್ನೇ ಕೆಡಿಸುತ್ತದೆ.

ಶಿವಮೊಗ್ಗ, ಭದ್ರಾವತಿಯ ನೆಲೆಯಿಂದ

ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1982ರಿಂದ ನಡೆಸಿಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ಹೆಂಗಸರ ಕ್ಯಾನ್ಸರುಗಳ ಪೈಕಿ ಮೊದಲ ಸ್ಥಾನ ದೀರ್ಘಕಾಲ ಇದರದ್ದೇ ಆಗಿತ್ತು. ಈಗ ನಗರದಲ್ಲಿ ಸ್ತನ ಕ್ಯಾನ್ಸರ್ ಅದನ್ನು ಹಿಂದಿಕ್ಕಿದೆ. ಪ್ರಮಾಣ ಇಳಿದರೂ ಹಂತದ ಕಥೆ ಅಷ್ಟಾಗಿ ಬದಲಾಗಿಲ್ಲ. ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬರುವವರಲ್ಲಿ ಹೆಚ್ಚಿನವರು ಎರಡನೆಯ ಹಂತದ ಕೊನೆ ಅಥವಾ ಮೂರನೆಯ ಹಂತದಲ್ಲೇ ಬರುತ್ತಾರೆ. ಕಾರಣ ಕಣ್ಣೆದುರಿಗಿದೆ: ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ. 1.9 ಮಾತ್ರ.

ಶಿವಮೊಗ್ಗದ ವಿನೋಬನಗರದಂಥ ಬಡಾವಣೆಯ ಹೆಂಗಸಿಗೆ ಸ್ತ್ರೀರೋಗ ತಜ್ಞೆಯ ಕ್ಲಿನಿಕ್ಕು, ಸ್ಕ್ಯಾನಿಂಗ್ ಕೇಂದ್ರ, ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಎಲ್ಲವೂ ಆಟೊ ದೂರದಲ್ಲಿವೆ. ಹಾಗಿದ್ದೂ ತಡವಾಗುತ್ತದೆ. ಬಿಳಿ ಸೆರಗನ್ನು ಉಷ್ಣದ ಮೇಲೆ ಹೊರಿಸುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಮುಟ್ಟೇ ತಿರುಗಿ ಬಂತೆಂದು ಸುಮ್ಮನಿರುವುದು, ಗಂಡನೊಡನೆ ಸೇರಿದಾಗ ರಕ್ತ ಹೋಗುವುದನ್ನು ಯಾರಿಗೂ ಹೇಳಲಾಗದಿರುವುದು, ಹೀಗೆ ತಿಂಗಳುಗಳು ಕಳೆಯುತ್ತವೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸಿಗೂ, ಹೊಸನಗರದ ಕಡೆಯ ಒಂಟಿಮನೆಯ ಹೆಂಗಸಿಗೂ ಈ ಸಂಕೋಚ ಒಂದೇ. ದೂರ ಮಾತ್ರ ಬೇರೆ.

ರೋಗ ಗೊತ್ತಾದ ಮೇಲೆ ಜಿಲ್ಲೆಯ ಜನ ಹೋಗುವ ದಾರಿಗಳು ಮೂರ್ನಾಲ್ಕು. ರಾತ್ರಿ ರೈಲು ಅಥವಾ ಬಸ್ಸಿನಲ್ಲಿ ಬೆಂಗಳೂರಿನ ಕಿದ್ವಾಯಿಗೆ. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ. ಸೊರಬ, ಶಿಕಾರಿಪುರದ ಕಡೆಯವರಾದರೆ ಹುಬ್ಬಳ್ಳಿಗೆ. ಶಿವಮೊಗ್ಗ ನಗರದಲ್ಲೇ ಖಾಸಗಿಯಾಗಿ ಕ್ಯಾನ್ಸರ್ ಚಿಕಿತ್ಸೆ ದೊರೆಯುವ ಕಾಲವೂ ಬಂದಿದೆ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಸಿಮ್ಸ್, ಮೆಗ್ಗಾನನ್ನು ಬೋಧನಾ ಆಸ್ಪತ್ರೆಯಾಗಿ ಮಾಡಿಕೊಂಡಿದೆ. ಕಿದ್ವಾಯಿ ಮಾದರಿಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವನ್ನು ಶಿವಮೊಗ್ಗದಲ್ಲಿ ತೆರೆಯುವ ಮಾತು ರಾಜ್ಯ ಬಜೆಟ್ಟಿನಲ್ಲಿ ಬಂದಿತ್ತು. ಈ ಕಾಯಿಲೆಯ ಮಟ್ಟಿಗೆ ಅಂಥ ಕೇಂದ್ರದ ಬೆಲೆ ಆಪರೇಷನ್ ಕೊಠಡಿಗಿಂತ ವಿಕಿರಣ ಯಂತ್ರದಲ್ಲಿ, ಅದಕ್ಕಿಂತಲೂ ಒಳಗಿನಿಂದ ವಿಕಿರಣ ಕೊಡುವ ಬ್ರಾಕಿಥೆರಪಿ ಕೊಠಡಿಯಲ್ಲಿ ಇದೆ. ಏಕೆಂಬುದು ಮುಂದಿನ ಭಾಗದಲ್ಲಿ ತಿಳಿಯುತ್ತದೆ.

ಕತ್ತಿ ಎಲ್ಲಿ ನಿಲ್ಲುತ್ತದೆ

ಮನೆಯವರು ಮೊದಲು ಕೇಳುವ ಮಾತು ಒಂದೇ: "ಗರ್ಭಕೋಶ ತೆಗೆದುಬಿಡಿ ಮೇಡಂ, ಕಾಯಿಲೆ ಬುಡಸಮೇತ ಹೋಗಲಿ." ಮಕ್ಕಳಾಗಿವೆ, ವಯಸ್ಸಾಗಿದೆ, ಇನ್ನು ಗರ್ಭಕೋಶ ಏಕೆ ಬೇಕು ಎಂಬುದು ಅವರ ತರ್ಕ. ತಪ್ಪೆಂದು ತಳ್ಳಿಹಾಕುವಂಥದ್ದಲ್ಲ, ಮೊದಲ ಹಂತದ ಸಣ್ಣ ಗಡ್ಡೆಯಲ್ಲಿ ಅದು ನಿಜವೂ ಹೌದು. ಮುಂದುವರಿದ ಹಂತದಲ್ಲಿ ಮಾತ್ರ ಶರೀರರಚನೆಯೇ ಆ ತರ್ಕಕ್ಕೆ ಅಡ್ಡ ಬರುತ್ತದೆ.

ಗರ್ಭಕಂಠ ಇರುವುದು ಬಹಳ ಇಕ್ಕಟ್ಟಾದ ಜಾಗದಲ್ಲಿ. ಮುಂದೆ ಮೂತ್ರಕೋಶ, ಹಿಂದೆ ಮಲಾಶಯ, ಎರಡೂ ಪಕ್ಕಗಳಲ್ಲಿ ಒಂದೂವರೆ–ಎರಡು ಸೆಂಟಿಮೀಟರ್ ಅಂತರದಲ್ಲಿ ಮೂತ್ರಪಿಂಡದಿಂದ ಇಳಿದು ಬರುವ ಮೂತ್ರನಾಳಗಳು, ಅವುಗಳ ಆಚೆಗೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳೂ ನರಗಳೂ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಿಯಮವೆಂದರೆ ಗಡ್ಡೆಯನ್ನು ಅದರ ಸುತ್ತಲಿನ ಆರೋಗ್ಯವಂತ ಅಂಗಾಂಶದ ಅಂಚಿನೊಡನೆ ತೆಗೆಯುವುದು. ಗರ್ಭಕಂಠದ ಪಕ್ಕದ ಮೆತುವಾದ ಅಂಗಾಂಶಕ್ಕೆ, ಅಂದರೆ ಪ್ಯಾರಾಮೆಟ್ರಿಯಮ್ಮಿಗೆ, ರೋಗ ಇಳಿಯಿತೆಂದರೆ ಆ ಅಂಚು ಉಳಿಯುವುದೇ ಇಲ್ಲ. ಎಷ್ಟು ನಿಪುಣರಾದರೂ ಶಸ್ತ್ರಚಿಕಿತ್ಸಕರು ರೋಗದ ನಡುವೆಯೇ ಕತ್ತರಿಸಬೇಕಾಗುತ್ತದೆ. ಕಣ್ಣಿಗೆ ಕಾಣದ ಜೀವಕೋಶಗಳು ಹಿಂದೆ ಉಳಿಯುತ್ತವೆ.

ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ, ಅಂದರೆ ಫಿಗೊ, ಮಾಡಿರುವ ಹಂತಗಳ ವಿಂಗಡಣೆ ಈ ಗಡಿಗಳನ್ನೇ ಹಿಡಿದಿದೆ. 2ಬಿ ಎಂದರೆ ಪಕ್ಕದ ಅಂಗಾಂಶಕ್ಕೆ ಇಳಿದಿದೆ. 3ಎ ಎಂದರೆ ಯೋನಿಯ ಕೆಳಗಿನ ಮೂರನೇ ಒಂದು ಭಾಗ ಮುಟ್ಟಿದೆ. 3ಬಿ ಎಂದರೆ ಕಿಬ್ಬೊಟ್ಟೆಯ ಮೂಳೆಗೋಡೆಯನ್ನು ತಾಗಿದೆ, ಅಥವಾ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಊದಿಸಿದೆ. 2018ರ ಪರಿಷ್ಕರಣೆಯಲ್ಲಿ ಸೇರಿದ 3ಸಿ ಹಂತ ದುಗ್ಧಗ್ರಂಥಿಗಳಿಗೆ ಸಂಬಂಧಿಸಿದ್ದು: ಕಿಬ್ಬೊಟ್ಟೆಯ ಗ್ರಂಥಿಗಳಿಗೆ ಹರಡಿದ್ದರೆ 3ಸಿ1, ಮಹಾಧಮನಿಯ ಪಕ್ಕದವಕ್ಕೆ ಹರಡಿದ್ದರೆ 3ಸಿ2. ಮೂತ್ರಕೋಶ ಅಥವಾ ಮಲಾಶಯದ ಒಳಪದರಕ್ಕೆ ಹಬ್ಬಿದರೆ 4ಎ. ಶ್ವಾಸಕೋಶ, ಯಕೃತ್ತು, ಮೂಳೆಗಳಿಗೆ ಹೋದರೆ 4ಬಿ.

ಗರ್ಭಕೋಶ ತೆಗೆಯದಿರುವುದಕ್ಕೆ ಇನ್ನೊಂದು ಕಾರಣ ಈ ಅಂಚಿನ ತೊಡಕಿಗಿಂತ ಮುಖ್ಯ, ಜನರಿಗೆ ಇದನ್ನು ಹೇಳುವವರೂ ಕಡಿಮೆ. ವಿಕಿರಣ ಚಿಕಿತ್ಸೆ ಎರಡು ಭಾಗಗಳಲ್ಲಿ ನಡೆಯುತ್ತದೆ. ಮೊದಲನೆಯದು ಹೊರಗಿನಿಂದ, ಸುಮಾರು 5 ವಾರ, ವಾರಕ್ಕೆ 5 ದಿನ. ಅದರ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧಿ. ನಮ್ಮ ಕಡೆ ಜನ 'ಕರೆಂಟ್ ಕೊಡಿಸುವುದು' ಎನ್ನುವುದು ಇದನ್ನೇ. ಎರಡನೆಯದು ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಗರ್ಭಕೋಶದ ಒಳಗೆ ತೆಳುವಾದ ಲೋಹದ ಕೊಳವೆಯನ್ನೂ ಗರ್ಭಕಂಠದ ಎರಡು ಪಕ್ಕಗಳಲ್ಲಿ ಇನ್ನೆರಡು ಕೊಳವೆಗಳನ್ನೂ ಇರಿಸಿ, ವಿಕಿರಣದ ಮೂಲವನ್ನು ಅವುಗಳೊಳಗೆ ಕೆಲವು ನಿಮಿಷ ಹಾಯಿಸುತ್ತಾರೆ. ಗಡ್ಡೆಗೆ ಅತಿ ಹೆಚ್ಚು ವಿಕಿರಣ, ಮೂತ್ರಕೋಶ–ಮಲಾಶಯಗಳಿಗೆ ಆದಷ್ಟು ಕಡಿಮೆ. ಈ ಕೊಳವೆಗೆ ಆಧಾರ ಗರ್ಭಕೋಶವೇ. ಮೊದಲೇ ಗರ್ಭಕೋಶ ತೆಗೆದುಬಿಟ್ಟರೆ ಈ ಚಿಕಿತ್ಸೆಯ ಅತ್ಯಂತ ಬಲವಾದ ಭಾಗಕ್ಕೆ ನೆಲೆಯೇ ಇರುವುದಿಲ್ಲ. ಖಾಲಿಯಾದ ಜಾಗಕ್ಕೆ ಸಣ್ಣಕರುಳು ಇಳಿದು ಬಂದು ಕೂರುತ್ತದೆ, ಹೊರಗಿನ ವಿಕಿರಣ ಅದಕ್ಕೆ ತಾಗುತ್ತದೆ. ಕಾಯಿಲೆ ಇರುವ ಗರ್ಭಕೋಶವನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಅನುಕೂಲ ಎಂಬ ಮಾತು ಮನೆಯವರಿಗೆ ವಿಚಿತ್ರವಾಗಿ ಕೇಳಬಹುದು. ಚಿತ್ರ ಬರೆದು ತೋರಿಸಿದರೆ ಅರ್ಥವಾಗದವರಿಲ್ಲ.

ಶಸ್ತ್ರಚಿಕಿತ್ಸೆಯ ಹಳೆಯ ಹಾದಿ

ವಿಯೆನ್ನಾದ ಎರ್ನ್‌ಸ್ಟ್ ವರ್ಟ್‌ಹೈಮ್ 1898ರಲ್ಲಿ ಹೊಟ್ಟೆ ತೆರೆದು ಗರ್ಭಕೋಶ, ಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗಗಳನ್ನು ಒಟ್ಟಾಗಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. 1911ರಲ್ಲಿ ಅವರು ತಮ್ಮ 500 ರೋಗಿಗಳ ವರದಿ ಪ್ರಕಟಿಸಿದರು. ಸುಮಾರು ಐದರಲ್ಲಿ ಒಬ್ಬರು ಶಸ್ತ್ರಚಿಕಿತ್ಸೆಯಿಂದಲೇ ತೀರಿಕೊಂಡಿದ್ದರು. ಅರಿವಳಿಕೆ ಒರಟಾಗಿದ್ದ, ರಕ್ತಪೂರಣವೂ ಪ್ರತಿಜೀವಕವೂ ಇಲ್ಲದ ಕಾಲ. ಅದೇ ಊರಿನ ಫ್ರೀಡ್ರಿಶ್ ಶೌಟ ಯೋನಿಮಾರ್ಗದಿಂದ ಇದೇ ಕೆಲಸವನ್ನು ಕಡಿಮೆ ಸಾವಿನೊಡನೆ ಮಾಡಿದರು, ಆದರೆ ಆ ದಾರಿಯಲ್ಲಿ ದುಗ್ಧಗ್ರಂಥಿಗಳು ಕೈಗೆ ಸಿಗುತ್ತಿರಲಿಲ್ಲ. ಈ ಕೊರತೆಗೆ ಉತ್ತರ ಕೊಟ್ಟವರಲ್ಲಿ ಭಾರತೀಯರೊಬ್ಬರಿದ್ದಾರೆ. ಕಲ್ಕತ್ತಾದ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆಯ ಸುಬೋಧ್ ಮಿತ್ರ ಅವರು ಯೋನಿಮಾರ್ಗದ ಶಸ್ತ್ರಚಿಕಿತ್ಸೆಯ ಜೊತೆಗೆ ಹೊಟ್ಟೆಯ ಒಳಪೊರೆಯನ್ನು ತೆರೆಯದೆಯೇ ಹೊರಗಿನಿಂದ ಗ್ರಂಥಿಗಳನ್ನು ತೆಗೆಯುವ ವಿಧಾನ ರೂಪಿಸಿದರು. ಜಗತ್ತಿನ ಶಸ್ತ್ರಚಿಕಿತ್ಸಾ ಗ್ರಂಥಗಳಲ್ಲಿ ಅದು ಮಿತ್ರ ಆಪರೇಷನ್ ಎಂದೇ ದಾಖಲಾಗಿದೆ. ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ವರ್ಟ್‌ಹೈಮ್ ಹೆಸರು ಗೊತ್ತಿರುವಷ್ಟು ಈ ಹೆಸರು ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಈ ನಡುವೆ ರೇಡಿಯಂ ಬಂದಿತು. ಗರ್ಭಕಂಠಕ್ಕೆ ರೇಡಿಯಂ ಇಟ್ಟು ಗುಣಪಡಿಸಬಹುದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಯುರೋಪಿನ ಆಸ್ಪತ್ರೆಗಳು ತೋರಿಸಿಕೊಟ್ಟವು, ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. 1940ರ ದಶಕದಲ್ಲಿ ಬಾಸ್ಟನ್ನಿನ ಜೋ ಮೀಗ್ಸ್ ಅದನ್ನು ಆರಂಭದ ಹಂತದ ರೋಗಿಗಳಿಗಾಗಿ ಸುರಕ್ಷಿತವಾಗಿ ಮರಳಿ ತಂದರು. ಮುಂದುವರಿದ ಹಂತಕ್ಕೆ ಧೈರ್ಯ ಮಾಡಿದವರು ನ್ಯೂಯಾರ್ಕಿನ ಅಲೆಕ್ಸಾಂಡರ್ ಬ್ರನ್ಷ್‌ವಿಗ್. 1948ರಲ್ಲಿ ಅವರು 22 ರೋಗಿಗಳಲ್ಲಿ ಗರ್ಭಕೋಶದ ಜೊತೆ ಮೂತ್ರಕೋಶ, ಮಲಾಶಯಗಳನ್ನೂ ಒಟ್ಟಿಗೆ ತೆಗೆದ ವರದಿ ಪ್ರಕಟಿಸಿದರು. ಐವರು ಶಸ್ತ್ರಚಿಕಿತ್ಸೆಯಿಂದ ತೀರಿಕೊಂಡಿದ್ದರು. ಪೆಲ್ವಿಕ್ ಎಕ್ಸೆಂಟರೇಷನ್ ಎಂಬ ಈ ಶಸ್ತ್ರಚಿಕಿತ್ಸೆ ಆಗ ನೋವು ತಗ್ಗಿಸುವ ಕೊನೆಯ ಪ್ರಯತ್ನವಾಗಿ ಹುಟ್ಟಿತು. 1950ರಲ್ಲಿ ಯೂಜೀನ್ ಬ್ರಿಕರ್ ಕರುಳಿನ ತುಣುಕೊಂದನ್ನು ಮೂತ್ರ ಹೊರಹೋಗುವ ನಾಳವಾಗಿಸುವ ವಿಧಾನ ವಿವರಿಸಿದ ಮೇಲೆ ಅದು ಬದುಕುಳಿಸುವ ಶಸ್ತ್ರಚಿಕಿತ್ಸೆಯಾಗಿ ಬೆಳೆಯಿತು.

ಮುಂಬೈಯ ಪ್ರಯೋಗ ಕೊಟ್ಟ ಉತ್ತರ

ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಸೇರಿಸಿದರೆ ಸಾವಿನ ಅಪಾಯ ಶೇ. 30ರಿಂದ 50ರಷ್ಟು ಇಳಿಯುತ್ತದೆಂದು ಐದು ದೊಡ್ಡ ಪ್ರಯೋಗಗಳ ಆಧಾರದ ಮೇಲೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅಲ್ಲಿಂದ ಚಿಕಿತ್ಸೆಯ ಮಾದರಿ ಗಟ್ಟಿಯಾಯಿತು. ಆದರೆ ವಿಕಿರಣ ಯಂತ್ರಗಳು ವಿರಳವಾದ ದೇಶಗಳಲ್ಲಿ ಒಂದು ಪ್ರಶ್ನೆ ಉಳಿದೇ ಇತ್ತು: ಮೊದಲು ಕಿಮೋಥೆರಪಿ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರೆ ಹೇಗೆ? ಶಿವಮೊಗ್ಗದಂಥ ಊರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಶಸ್ತ್ರಚಿಕಿತ್ಸಕರು ಊರಲ್ಲಿದ್ದಾರೆ, ಕಿಮೋಥೆರಪಿ ಊರಲ್ಲೇ ಕೊಡಬಹುದು. ವಿಕಿರಣಕ್ಕಾಗಿಯಾದರೆ ಅನೇಕರು ಎರಡು ತಿಂಗಳು ಪರಊರಿನಲ್ಲಿ ಮನೆ ಮಾಡಿಕೊಂಡಿರಬೇಕು.

ಇದಕ್ಕೆ ಉತ್ತರ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಿಂದ ಬಂದಿತು. 2003ರಿಂದ 2015ರವರೆಗೆ, 4 ಸೆಂಟಿಮೀಟರ್ ಮೀರಿದ ಗಡ್ಡೆಯಿಂದ 2ಬಿ ವರೆಗಿನ ಹಂತಗಳ 633 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಿಮೋಥೆರಪಿ ಆದ ಮೇಲೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಕಿಮೋಥೆರಪಿ ಸಹಿತ ವಿಕಿರಣ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷಗಳ ಕೊನೆಗೆ ರೋಗ ಮರುಕಳಿಸದೆ ಇದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 69.3, ವಿಕಿರಣದ ಗುಂಪಿನಲ್ಲಿ ಶೇ. 76.7. ಬದುಕುಳಿದವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಶೇ. 75ರ ಆಸುಪಾಸು. ಯುರೋಪಿನಲ್ಲಿ 626 ರೋಗಿಗಳ ಮೇಲೆ ನಡೆದ ಇದೇ ಬಗೆಯ ಪ್ರಯೋಗದಲ್ಲೂ ಶಸ್ತ್ರಚಿಕಿತ್ಸೆಗೆ ಮೇಲುಗೈ ಸಿಗಲಿಲ್ಲ. ಅದರ ಮೇಲೆ, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅನೇಕರಿಗೆ ಅಂಚಿನಲ್ಲಿ ಅಥವಾ ಗ್ರಂಥಿಗಳಲ್ಲಿ ರೋಗ ಕಂಡು ವಿಕಿರಣ ಕೊಡಬೇಕಾಗಿಯೇ ಬಂದಿತು. ಎರಡೂ ಚಿಕಿತ್ಸೆಗಳ ಕಷ್ಟ ಒಂದೇ ದೇಹದ ಮೇಲೆ ಬಿದ್ದಂತಾಯಿತು: ಮೂತ್ರದ ತೊಂದರೆ, ಕರುಳಿನ ತೊಂದರೆ, ಕಾಲು ಬಾವು.

ಮೂರನೆಯ ಹಂತದ ವಿಷಯದಲ್ಲೂ ಟಾಟಾ ಆಸ್ಪತ್ರೆಯದೇ ದೊಡ್ಡ ಪ್ರಯೋಗವಿದೆ. 3ಬಿ ಹಂತದ 850 ಹೆಂಗಸರಲ್ಲಿ ಬರೀ ವಿಕಿರಣ ಪಡೆದವರು ಐದು ವರ್ಷಗಳ ಕೊನೆಗೆ ಶೇ. 46 ಬದುಕಿದ್ದರು, ಸಿಸ್‌ಪ್ಲಾಟಿನ್ ಸಹಿತ ಪಡೆದವರು ಶೇ. 54. ಮೂತ್ರಪಿಂಡ ಊದಿಕೊಂಡು ಬಂದ ಹೆಂಗಸೂ ಒಂದೇ ಒಂದು ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಗಬಲ್ಲಳು ಎಂಬುದನ್ನು ಈ ಅಂಕಿ ಹೇಳುತ್ತದೆ. 'ಆಪರೇಷನ್ ಆಗಲ್ಲ ಅಂದ್ರು' ಎಂಬ ಮಾತು ಕೇಳಿ ಕೈಚೆಲ್ಲಿ ಮನೆಗೆ ಮರಳಿದ ಕುಟುಂಬಗಳಿಗೆ ಈ ಅಂಕಿಯನ್ನು ಯಾರಾದರೂ ಹೇಳಲೇಬೇಕಿತ್ತು.

ವಿಕಿರಣಕ್ಕೆ ಮೊದಲು

ಹಾಗಾದರೆ ಶಸ್ತ್ರಚಿಕಿತ್ಸಕರ ಕೆಲಸ ಯಾವುದು? ಬಹುತೇಕ ಅದು ವಿಕಿರಣದ ದಾರಿ ತೆರವು ಮಾಡುವ ಕೆಲಸ. ಮೂತ್ರನಾಳ ಒತ್ತಿಹೋಗಿ, ಮೂತ್ರಪಿಂಡದ ತೊಂದರೆ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ ರೋಗಿಗೆ ಸಿಸ್‌ಪ್ಲಾಟಿನ್ ಕೊಡಲಾಗದು. ಆಗ ಮೂತ್ರನಾಳದೊಳಗೆ ಡಿಜೆ ಸ್ಟೆಂಟ್ ಎಂಬ ಕೊಳವೆ ಹಾಕುವುದು, ಅದು ಹೋಗದಿದ್ದರೆ ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ಸಣ್ಣ ಕೊಳವೆ ಹಾಕಿ ಮೂತ್ರ ಹೊರಬಿಡುವುದು. ಇದು ಜಿಲ್ಲಾ ಮಟ್ಟದಲ್ಲೇ ಆಗಬಹುದಾದ ಚಿಕ್ಕ ಕೆಲಸ. ಬೆಂಗಳೂರಿಗೆ ಕಳಿಸುವ ಮೊದಲೇ ಇದು ಆದರೆ ರೋಗಿ ಚಿಕಿತ್ಸೆಗೆ ಸಿದ್ಧಳಾಗಿಯೇ ಅಲ್ಲಿಗೆ ತಲುಪುತ್ತಾಳೆ.

ಮೂವತ್ತೈದು, ನಲವತ್ತರ ಹೆಂಗಸಿನಲ್ಲಿ ವಿಕಿರಣ ಅಂಡಾಶಯಗಳನ್ನು ನಿಷ್ಕ್ರಿಯಗೊಳಿಸುತ್ತದೆ; ಮುಟ್ಟು ಹಠಾತ್ತನೆ ನಿಂತು, ಬೆವರು, ನಿದ್ರಾಹೀನತೆ, ಮೂಳೆ ಸವೆತ ಆರಂಭವಾಗುತ್ತವೆ. ಲ್ಯಾಪರೋಸ್ಕೋಪಿಯ ಮೂಲಕ ಅಂಡಾಶಯಗಳನ್ನು ರಕ್ತನಾಳ ಸಹಿತ ಮೇಲಕ್ಕೆ, ವಿಕಿರಣದ ವ್ಯಾಪ್ತಿಯಿಂದ ಆಚೆಗೆ ಸರಿಸಿ ಹೊಲಿಯಬಹುದು. ನಮ್ಮಲ್ಲಿ ಇದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಕ್ಯಾನ್ಸರ್ ಎಂದ ಮೇಲೆ ಉಳಿದದ್ದೆಲ್ಲ ಗೌಣ ಎಂಬ ಭಾವನೆ ಅದಕ್ಕೆ ಕಾರಣ. ಗುಣವಾಗಿ ಮುಂದೆ 30 ವರ್ಷ ಬದುಕಲಿರುವ ಹೆಂಗಸಿಗೆ ಅದು ಗೌಣವಲ್ಲ.

ದುಗ್ಧಗ್ರಂಥಿಗಳ ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಪೆಟ್ ಸ್ಕ್ಯಾನಿನಲ್ಲಿ ಮಹಾಧಮನಿಯ ಪಕ್ಕದ ಗ್ರಂಥಿಗಳು ಶುದ್ಧವೆಂದು ಕಂಡರೂ, ತೆಗೆದು ನೋಡಿದಾಗ ಸುಮಾರು ಹತ್ತರಲ್ಲಿ ಒಬ್ಬರಲ್ಲಿ ರೋಗ ಸಿಗುತ್ತದೆ. ಸಿಕ್ಕರೆ ವಿಕಿರಣದ ವ್ಯಾಪ್ತಿಯನ್ನು ಮೇಲಕ್ಕೆ ಹಿಗ್ಗಿಸಬಹುದು. ಆದರೆ ಜರ್ಮನಿಯಲ್ಲಿ ನಡೆದ ಯೂಟರಸ್-11 ಪ್ರಯೋಗದಲ್ಲಿ ಹೀಗೆ ಶಸ್ತ್ರಚಿಕಿತ್ಸೆಯಿಂದ ಹಂತ ನಿರ್ಧರಿಸಿದ್ದರಿಂದ ಒಟ್ಟಾರೆ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಲಿಲ್ಲ. ವಿಕಿರಣ ಆರಂಭವಾಗುವುದೇ ತಡವಾಗುವ ವ್ಯವಸ್ಥೆಯಲ್ಲಿ ಇದಕ್ಕಾಗಿ ಇನ್ನೂ ಮೂರು ವಾರ ಕಳೆಯುವುದು ಲಾಭಕ್ಕಿಂತ ನಷ್ಟ. ಹೊರಗಿನ ವಿಕಿರಣದಿಂದ ಬ್ರಾಕಿಥೆರಪಿಯ ಕೊನೆಯವರೆಗೆ ಎಲ್ಲವೂ 8 ವಾರಗಳೊಳಗೆ ಮುಗಿಯಬೇಕೆಂಬುದು ಈ ಚಿಕಿತ್ಸೆಯ ಕಟ್ಟುನಿಟ್ಟಿನ ನಿಯಮ.

ವಿಕಿರಣದ ನಂತರ: ಎಕ್ಸೆಂಟರೇಷನ್

ವಿಕಿರಣ ಮುಗಿದ ಮೇಲೆ ಎಲ್ಲರಿಗೂ ಗರ್ಭಕೋಶ ತೆಗೆದರೆ ಇನ್ನಷ್ಟು ಭದ್ರವಲ್ಲವೇ ಎಂಬ ಆಸೆ ಹಳೆಯದು. ಅಮೆರಿಕದ, ಫ್ರಾನ್ಸಿನ ಪ್ರಯೋಗಗಳು ಇದನ್ನು ಪರೀಕ್ಷಿಸಿ ಬದುಕುಳಿಯುವಿಕೆಯಲ್ಲಿ ಪ್ರಯೋಜನ ಕಾಣಲಿಲ್ಲ. ಪೂರ್ತಿ ಕರಗಿದ ಗಡ್ಡೆಗೆ ಶಸ್ತ್ರಚಿಕಿತ್ಸೆ ಬೇಡ. ಸ್ವಲ್ಪ ಉಳಿದಿದೆ ಎಂದು ಬಯಾಪ್ಸಿಯಲ್ಲಿ ಖಚಿತವಾದಾಗ, ಅದು ಗರ್ಭಕಂಠದಲ್ಲೇ ಉಳಿದಿದ್ದರೆ, ಆಗ ಗರ್ಭಕೋಶ ತೆಗೆಯುವುದಕ್ಕೆ ಅರ್ಥವಿದೆ.

ಶಸ್ತ್ರಚಿಕಿತ್ಸೆಗೆ ಪರ್ಯಾಯವೇ ಇಲ್ಲದ ಸಂದರ್ಭ ಇದರ ಮುಂದಿನದು. ವಿಕಿರಣ ಪೂರ್ತಿ ಪಡೆದ ಹೆಂಗಸಿಗೆ ಒಂದೆರಡು ವರ್ಷಗಳಲ್ಲಿ ಗರ್ಭಕಂಠದ ಜಾಗದಲ್ಲೇ, ಕಿಬ್ಬೊಟ್ಟೆಯ ನಡುವೆ, ರೋಗ ಮರುಕಳಿಸಿದರೆ ಅದೇ ಜಾಗಕ್ಕೆ ಮತ್ತೆ ಪೂರ್ಣ ವಿಕಿರಣ ಕೊಡಲಾಗದು. ಕಿಮೋಥೆರಪಿ ಅದನ್ನು ಗುಣಪಡಿಸುವುದಿಲ್ಲ. ಗುಣದ ಆಸೆ ಇರುವುದು ಎಕ್ಸೆಂಟರೇಷನ್ನಿನಲ್ಲಿ ಮಾತ್ರ. ಮೂತ್ರಕೋಶ ಮತ್ತು ಗರ್ಭಕೋಶ ತೆಗೆದರೆ ಮುಂಭಾಗದ್ದು, ಗರ್ಭಕೋಶ ಮತ್ತು ಮಲಾಶಯ ತೆಗೆದರೆ ಹಿಂಭಾಗದ್ದು, ಮೂರನ್ನೂ ತೆಗೆದರೆ ಸಂಪೂರ್ಣ. ಮೂತ್ರಕ್ಕೆ ಒಂದು, ಮಲಕ್ಕೆ ಒಂದು ಎಂದು ಹೊಟ್ಟೆಯ ಮೇಲೆ ಎರಡು ದ್ವಾರಗಳು, ಎರಡು ಚೀಲಗಳು. ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದು ಬರುವ 4ಎ ಹಂತದ ಕೆಲವರಲ್ಲಿ ಇದನ್ನು ಮೊದಲ ಚಿಕಿತ್ಸೆಯಾಗಿಯೂ ಮಾಡುವುದುಂಟು.

ಆಯ್ಕೆ ಬಹಳ ಕಠಿಣ. ರೋಗ ಮೂಳೆಗೋಡೆಯನ್ನು ತಾಗಿರಬಾರದು, ಬೇರೆಡೆಗೆ ಹರಡಿರಬಾರದು. ಒಂದು ಕಾಲಿನ ಬಾವು, ತೊಡೆಯ ಹಿಂಭಾಗಕ್ಕೆ ಇಳಿಯುವ ನೋವು, ಮೂತ್ರಪಿಂಡದ ಊತ, ಈ ಮೂರೂ ಒಟ್ಟಾಗಿ ಕಂಡರೆ ರೋಗ ಗೋಡೆಯಲ್ಲಿ ಬೇರೂರಿದೆ ಎಂದೇ ಹಿಂದಿನಿಂದ ವೈದ್ಯರು ತಿಳಿದಿದ್ದಾರೆ. ಎಂಆರ್‌ಐ, ಪೆಟ್ ಎಲ್ಲ ಆದ ಮೇಲೂ ಹೊಟ್ಟೆ ತೆರೆದು ನೋಡಿ, ಅನಿರೀಕ್ಷಿತವಾಗಿ ರೋಗ ಹರಡಿದ್ದು ಕಂಡರೆ ಏನೂ ಮಾಡದೆ ಮುಚ್ಚುವುದುಂಟು. ಮನೆಯವರಿಗೆ ಈ ಸಾಧ್ಯತೆಯನ್ನು ಮೊದಲೇ ಹೇಳಿರಬೇಕು. ಶಸ್ತ್ರಚಿಕಿತ್ಸೆ ಎಂಟು–ಹತ್ತು ಗಂಟೆ ಹಿಡಿಯಬಹುದು. ಅನುಭವಿ ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆಯ ಸಾವು ಈಗ ಬಹಳ ಕಡಿಮೆ, ಆದರೆ ಸುಮಾರು ಅರ್ಧದಷ್ಟು ರೋಗಿಗಳಿಗೆ ಸೋಂಕು, ಕರುಳಿನ ಸೋರಿಕೆ, ಮೂತ್ರದ ಸೋರಿಕೆಯಂಥ ಗಂಭೀರ ತೊಡಕುಗಳಾಗುತ್ತವೆ. ಚೆನ್ನಾಗಿ ಆಯ್ದವರಲ್ಲಿ ಮೂರರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಐದು ವರ್ಷ ದಾಟುತ್ತಾರೆ. ಇದಿಲ್ಲದೆ ಹೋಗಿದ್ದರೆ ಅವರಲ್ಲಿ ಬಹುಪಾಲು ಯಾರೂ ಉಳಿಯುತ್ತಿರಲಿಲ್ಲ.

ಇಂಥ ಶಸ್ತ್ರಚಿಕಿತ್ಸೆಗೆ ಸ್ತ್ರೀರೋಗ ಕ್ಯಾನ್ಸರ್ ತಜ್ಞರು, ಮೂತ್ರಶಾಸ್ತ್ರ ಮತ್ತು ಕರುಳಿನ ಶಸ್ತ್ರಚಿಕಿತ್ಸಕರು, ಪ್ಲಾಸ್ಟಿಕ್ ಸರ್ಜನ್, ತೀವ್ರ ನಿಗಾ ಘಟಕ, ರಕ್ತನಿಧಿ ಎಲ್ಲ ಒಂದೆಡೆ ಬೇಕು. ವರ್ಷಕ್ಕೊಂದು ಮಾಡುವಲ್ಲಿ ಮಾಡಿಸಬಾರದು. ಆದರೆ ಅದರ ಮುಂದಿನ ಬದುಕು ನಡೆಯುವುದು ಶಿವಮೊಗ್ಗದಲ್ಲೇ. ವಿನೋಬನಗರದ ಮನೆಯಲ್ಲಿ ನಲ್ಲಿ ನೀರು, ಒಳಗೇ ಬಚ್ಚಲು ಇರುತ್ತವೆ, ಚೀಲ ಬದಲಿಸುವುದು ಕಷ್ಟವಾಗದು. ಮಳೆಗಾಲದಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗಬೇಕಾದ ಮಲೆನಾಡಿನ ಮನೆಯಲ್ಲಿ ಆ ಎರಡು ಚೀಲಗಳು ದಿನದ ಪ್ರತಿ ಗಂಟೆಯ ಚಿಂತೆ. ಚೀಲಗಳು ನಿರಂತರವಾಗಿ ಸಿಗುವುದು, ಹೊಟ್ಟೆಯ ಮೇಲಿನ ಆ ದ್ವಾರಗಳನ್ನು, ಅಂದರೆ ಸ್ಟೋಮಾಗಳನ್ನು, ನೋಡಿಕೊಳ್ಳಲು ತರಬೇತಾದ ದಾದಿಯೊಬ್ಬರು ಜಿಲ್ಲಾಸ್ಪತ್ರೆಯಲ್ಲಿ ಇರುವುದು, ಇವು ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯ. ದಾಂಪತ್ಯದ ಪ್ರಶ್ನೆಯೂ ಇದೆ. ತೊಡೆಯ ಸ್ನಾಯುವಿನಿಂದ ಯೋನಿಯನ್ನು ಪುನಃ ರಚಿಸುವ ವಿಧಾನವಿದ್ದರೂ ಅದನ್ನು ರೋಗಿಯೊಡನೆ ಮಾತಾಡುವುದೇ ನಮ್ಮಲ್ಲಿ ಅಪರೂಪ.

ಆಗಬಾರದ ಶಸ್ತ್ರಚಿಕಿತ್ಸೆ

ಈ ಕಾಯಿಲೆಯಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲ. ರಕ್ತಸ್ರಾವ ಎಂದು ಬಂದ ಹೆಂಗಸಿಗೆ ಗರ್ಭಕಂಠವನ್ನು ಕಣ್ಣಾರೆ ನೋಡದೆ, ಪ್ಯಾಪ್ ಪರೀಕ್ಷೆಯಾಗಲಿ ಬಯಾಪ್ಸಿಯಾಗಲಿ ಮಾಡದೆ, ಸಾಮಾನ್ಯ ಗರ್ಭಕೋಶ ತೆಗೆಯುವ ಆಪರೇಷನ್ ಮಾಡಿಬಿಡುವುದು. ಎರಡು ವಾರಗಳ ನಂತರ ಲ್ಯಾಬಿನ ವರದಿ ಕ್ಯಾನ್ಸರ್ ಎನ್ನುತ್ತದೆ. ಅಷ್ಟರಲ್ಲಿ ಗಡ್ಡೆಯ ನಡುವೆಯೇ ಕತ್ತರಿ ಹಾದುಹೋಗಿದೆ, ಬ್ರಾಕಿಥೆರಪಿಯ ಕೊಳವೆ ಇಡುವ ಜಾಗ ಹೋಗಿದೆ, ಗಾಯ ಮಾಗುವವರೆಗೆ ವಿಕಿರಣ ಕಾಯಬೇಕಿದೆ. ಇಂಥವರನ್ನು ದೇಶದ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳೂ ಕಾಣುತ್ತವೆ. ಅವರಿಗೆ ಕೂಡಲೇ ಸ್ಕ್ಯಾನ್ ಮಾಡಿಸಿ ಕಿಮೋಥೆರಪಿ ಸಹಿತ ವಿಕಿರಣ ಕೊಡುವುದು ಸಾಮಾನ್ಯ ದಾರಿ. ಉಳಿದ ರೋಗ ಕಡಿಮೆ ಇದ್ದ ಕೆಲವರಿಗೆ ಮಾತ್ರ ಪಕ್ಕದ ಅಂಗಾಂಶ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆ.

ಇದರ ಇನ್ನೊಂದು ಮುಖ ಕ್ಯಾನ್ಸರ್ ಇಲ್ಲದವರಿಗೆ ಕ್ಯಾನ್ಸರಿನ ಭಯ ತೋರಿಸಿ ಗರ್ಭಕೋಶ ತೆಗೆಯುವುದು. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ, ದಲಿತ ಹೆಂಗಸರ ಅನಗತ್ಯ ಶಸ್ತ್ರಚಿಕಿತ್ಸೆಗಳು ಕಳೆದ ದಶಕದಲ್ಲಿ ತನಿಖೆಗೂ ಪ್ರತಿಭಟನೆಗೂ ಕಾರಣವಾದವು. ಇಂಥ ಪ್ರಕರಣಗಳ ಬಗ್ಗೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಕೇಂದ್ರದ ಮಾರ್ಗಸೂಚಿ ಜಾರಿಗೊಳಿಸಲು ನಿರ್ದೇಶನ ಕೊಟ್ಟಿತು. ಬೇಡದವರಿಗೆ ಶಸ್ತ್ರಚಿಕಿತ್ಸೆ ಮಾಡುವ ಕೈಯೂ, ಬಯಾಪ್ಸಿ ಇಲ್ಲದೆ ಕ್ಯಾನ್ಸರ್ ಇರುವ ಗರ್ಭಕೋಶ ತೆಗೆಯುವ ಕೈಯೂ ಬಿಟ್ಟುಬಿಡುವ ಹೆಜ್ಜೆ ಒಂದೇ: ಸ್ಪೆಕ್ಯುಲಂ ಹಾಕಿ ಗರ್ಭಕಂಠವನ್ನು ನೋಡುವುದು. ಐದು ನಿಮಿಷದ ಕೆಲಸ ಅದು.

ಲ್ಯಾಪರೋಸ್ಕೋಪಿ, ರೋಬೋಟಿನ ಜಾಹೀರಾತುಗಳ ಬಗ್ಗೆಯೂ ಒಂದು ಮಾತು: ಮುಂದುವರಿದ ಹಂತದಲ್ಲಿ ಅವುಗಳಿಗೆ ಮರುಳಾಗಬಾರದು. ಆರಂಭದ ಹಂತದಲ್ಲೇ, ತೆರೆದ ಶಸ್ತ್ರಚಿಕಿತ್ಸೆಗಿಂತ ಈ ಸಣ್ಣ ರಂಧ್ರದ ವಿಧಾನದಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿತು: ನಾಲ್ಕೂವರೆ ವರ್ಷಗಳ ಕೊನೆಗೆ ರೋಗಮುಕ್ತರು ಶೇ. 86, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 96.5.

ನೋವು ತಗ್ಗಿಸುವಲ್ಲಿ

ಗುಣದ ಹಂತ ದಾಟಿದವರಿಗೂ ಶಸ್ತ್ರಚಿಕಿತ್ಸಕರು ಉಪಕಾರ ಮಾಡಬಲ್ಲರು. ಮಲಾಶಯಕ್ಕೂ ಯೋನಿಗೂ ನಡುವೆ ತೂತು ಬಿದ್ದು ಮಲ ಸೋರುವ ಹೆಂಗಸು ಮನೆಯ ಮೂಲೆ ಸೇರುತ್ತಾಳೆ; ಮಲಕ್ಕೆ ಹೊಟ್ಟೆಯ ಮೇಲೆ ದ್ವಾರ ಮಾಡುವ ಸರಳವಾದ ಕೊಲೊಸ್ಟಮಿ ಅವಳನ್ನು ಮತ್ತೆ ನಾಲ್ಕು ಜನರ ನಡುವೆ ಕೂರಿಸುತ್ತದೆ. ನಿಲ್ಲದ ರಕ್ತಸ್ರಾವಕ್ಕೆ ಮೊದಲು ಯೋನಿಯಲ್ಲಿ ಪ್ಯಾಕಿಂಗ್, ತುರ್ತು ವಿಕಿರಣ; ಸೌಲಭ್ಯವಿದ್ದರೆ ರಕ್ತನಾಳವನ್ನು ಒಳಗಿನಿಂದ ಮುಚ್ಚುವ ವಿಧಾನ. ಮೂತ್ರಪಿಂಡಕ್ಕೆ ಕೊಳವೆ ಹಾಕುವ ನಿರ್ಧಾರ ಮಾತ್ರ ಈ ಹಂತದಲ್ಲಿ ಸುಲಭವಲ್ಲ. ಬೇರೆ ಚಿಕಿತ್ಸೆಯೇ ಉಳಿದಿಲ್ಲದಿದ್ದಾಗ ಅದು ಬದುಕನ್ನು ಹಿಗ್ಗಿಸುವುದೋ ನೋವನ್ನು ಹಿಗ್ಗಿಸುವುದೋ ಎಂಬುದನ್ನು ರೋಗಿಯೊಡನೆ, ಅವಳ ಬೆನ್ನ ಹಿಂದೆ ಅಲ್ಲ, ಮಾತಾಡಿ ತೀರ್ಮಾನಿಸಬೇಕು.

ಈಚಿನ ಬೆಳವಣಿಗೆ, ಖರ್ಚು, ಅನುಸರಣೆ

ಕಳೆದ ಕೆಲವು ವರ್ಷಗಳ ಬೆಳವಣಿಗೆಗಳೆಲ್ಲ ಶಸ್ತ್ರಚಿಕಿತ್ಸೆಯ ಹೊರಗೆ ನಡೆದಿವೆ. ಎಂಆರ್‌ಐ ನೋಡಿ ಯೋಜಿಸುವ ಬ್ರಾಕಿಥೆರಪಿಯಿಂದ ಐದು ವರ್ಷಗಳ ಕೊನೆಗೆ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ರೋಗ ಅದೇ ಜಾಗದಲ್ಲಿ ಮರುಕಳಿಸಿಲ್ಲ. ಭಾರತದ ರೋಗಿಗಳೂ ಪಾಲ್ಗೊಂಡ ಇಂಟರ್‌ಲೇಸ್ ಪ್ರಯೋಗದಲ್ಲಿ ವಿಕಿರಣಕ್ಕೆ ಮೊದಲು 6 ವಾರ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟಾಗ ಐದು ವರ್ಷ ಬದುಕಿದವರು ಶೇ. 72ರಿಂದ 80ಕ್ಕೆ ಏರಿದರು. ಈ ಎರಡು ಔಷಧಿಗಳೂ ಹಳೆಯವು, ದುಬಾರಿಯಲ್ಲ, ಜಿಲ್ಲೆಯಲ್ಲೇ ಕೊಡಬಲ್ಲಂಥವು. ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿಯನ್ನು ವಿಕಿರಣದ ಜೊತೆ ಸೇರಿಸಿಯೂ ಲಾಭ ಕಂಡಿದೆ, ಆದರೆ ಅದರ ಬೆಲೆ ಇಲ್ಲಿನ ಬಹುತೇಕ ಕುಟುಂಬಗಳ ಅಳವಿಗೆ ಮೀರಿದ್ದು.

ಖರ್ಚಿನ ಬಗ್ಗೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಶಿವಮೊಗ್ಗದವರಿಗೆ ಅದು ಸಾಮಾನ್ಯವಾಗಿ ಮೆಗ್ಗಾನಿನದು. ಎರಡು ತಿಂಗಳ ಊಟ, ವಸತಿ, ಜೊತೆಗಿರುವವರು ಕಳೆದುಕೊಳ್ಳುವ ಕೂಲಿ, ಇವಾವುವೂ ಯೋಜನೆಯ ಲೆಕ್ಕಕ್ಕೆ ಬರುವುದಿಲ್ಲ. ವಿಕಿರಣವನ್ನು ಅರ್ಧಕ್ಕೆ ಬಿಟ್ಟು ಬರುವವರಲ್ಲಿ ಹೆಚ್ಚಿನವರು ಬಿಡುವುದು ಇದಕ್ಕಾಗಿಯೇ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ಮರುಕಳಿಸುವ ರೋಗದ ಬಹುಪಾಲು ಮೊದಲ ಎರಡು–ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತದೆ. ಪ್ರತಿಸಲವೂ ಬೆಂಗಳೂರಿಗೆ ಹೋಗಲಾರದ ಹೆಂಗಸನ್ನು ಶಿವಮೊಗ್ಗದ ಅಥವಾ ಭದ್ರಾವತಿಯ ಸ್ತ್ರೀರೋಗ ತಜ್ಞೆಯೇ ಕೈಯಿಂದ ಪರೀಕ್ಷಿಸಿ, ಸಂಶಯ ಬಂದ ಜಾಗದಿಂದ ಬಯಾಪ್ಸಿ ಕಳಿಸಬಹುದು. ನಡುಭಾಗದ ಮರುಕಳಿಕೆ ಇನ್ನೂ ಚಿಕ್ಕದಿದ್ದು ಮೂಳೆಗೋಡೆ ಮುಟ್ಟದಿರುವಾಗಲೇ ಸಿಕ್ಕಿದರೆ ಎಕ್ಸೆಂಟರೇಷನ್ ಸಾಧ್ಯ. ಕಾಲು ಬಾತು, ತೊಡೆ ನೋವು ಶುರುವಾದ ಮೇಲೆ ಗೊತ್ತಾದರೆ ಸಾಧ್ಯವಿಲ್ಲ.